ರಕ್ತದಲ್ಲಿ ಎರಡನೇ ಮಾತು

"ಒತ್ತಲಾ?"

ಟವರ್ ಕೇಳಿದ. ಅವನ ಹೆಬ್ಬೆರಳು ಪಂಪಿನ ಬಟನ್ ಮೇಲಿತ್ತು. ಪಂಪಿನ ಸೂಜಿ ನನ್ನ ತೋಳಿನಲ್ಲಿತ್ತು!

"ಕೇಳ್ತಾ ಕೂತ್ರೆ ಸಂಜೆ ಆಗುತ್ತೆ. ಒತ್ತೋ!" ಎಂದೆ.

ಮೊಬೈಲ್ ಟವರ್ ನಿಲ್ಲಿಸಿಯೇ ದೊಡ್ಡವನಾದ ಆಸಾಮಿ. ಅದಕ್ಕೇ ಆ ಹೆಸರು. ನನ್ನನ್ನು ಒಂದು ಕುರ್ಚಿಗೆ ಕಟ್ಟಿಹಾಕಿದ್ದ, ಎದುರಿನ ಕುರ್ಚಿಗೆ ನನ್ನ ಅಕ್ಕನನ್ನು. ಅವಳು ವಿಜ್ಞಾನಿ. ನಾನು ಕಳುವಾದದ್ದನ್ನು ಹುಡುಕಿ ಕೊಡುವವನು. ಅವಳ ಲ್ಯಾಬಿನಿಂದ ಇವನು ಕದ್ದ ಡಬ್ಬಿ ಹುಡುಕುತ್ತ ಬಂದು ಸಿಕ್ಕಿಬಿದ್ದಿದ್ದೆ.

ಡಬ್ಬಿಯಲ್ಲಿದ್ದದ್ದು ಅಕ್ಕ ಮಾಡಿದ ನ್ಯಾನೋ ಯಂತ್ರಗಳು. ಕಣ್ಣಿಗೇ ಕಾಣವು... ರೋಗವಿರುವ ಜಾಗದಲ್ಲಿ ಔಷಧ ಬಿಡಲೆಂದು ಮಾಡಿದ್ದು. ಟವರ್ ಅವಕ್ಕೆ ವಿಷ ತುಂಬಿದ. ಮೊದಲ ಪ್ರಯೋಗ ನನ್ನ ಮೇಲೆ; ಅವನ್ನು ಆಗಲೇ ನನ್ನ ರಕ್ತಕ್ಕೆ ಚುಚ್ಚಿದ್ದ!

ಅವು ಮಾತಾಡುವುದು ರೇಡಿಯೋದಲ್ಲಲ್ಲ ಸ್ವಾಮಿ, ಅಣುಗಳಲ್ಲಿ. ಒಂದು ಬಿಟ್ಟ ಅಣುಗಳು ರಕ್ತದಲ್ಲಿ ತೇಲಿಹೋಗುತ್ತವೆ, ಇನ್ನೊಂದು ಹಿಡಿದು ಮುಂದಿನದಕ್ಕೆ ದಾಟಿಸುತ್ತದೆ. ಅಡುಗೆಮನೆಯಲ್ಲಿ ಈರುಳ್ಳಿ ಹುರಿದರೆ ಹಜಾರಕ್ಕೆ ಗೊತ್ತಾಗುವುದಿಲ್ಲವೇ, ಹಾಗೆ. ಪಂಪಿನಲ್ಲಿದ್ದದ್ದು ಅಂಥ ಅಣುಗಳೇ; ಒಂದು ಸಲ ಒತ್ತಿದರೆ ಒಂದು ಮಾತು. ಮೊದಲ ಮಾತಿಗೆ ಯಂತ್ರಗಳು ಏಳುತ್ತವೆ. ಅದು ಪೂರ್ತಿ ಆರಿದ ಮೇಲೆ ಎರಡನೆಯದು ಬಂದರೆ ವಿಷ ಕಕ್ಕುತ್ತವೆ. ಆರುವ ಮೊದಲೇ ಬಂದರೆ ಎರಡೂ ಕಲಸಿಹೋಗಿ, ಏನೂ ತಿಳಿಯದೆ ಶಾಶ್ವತವಾಗಿ ಬಾಗಿಲು ಹಾಕಿಕೊಳ್ಳುತ್ತವೆ. ಊಟಕ್ಕೆ ಕೂತಾಗಲೆಲ್ಲ ಅಕ್ಕ ಇದನ್ನೇ ಕೊರೆಯುತ್ತಿದ್ದಳು.

"ಇನ್ನಷ್ಟು ಮಾಡ್ಕೊಡ್ತೀನಿ ಅನ್ನಿ ಮೇಡಂ. ತಮ್ಮ ಉಳೀತಾನೆ," ಎಂದು ಟವರ್ ಅಕ್ಕನತ್ತ ತಿರುಗಿದ.

"ಮಾಡಲ್ಲ!" ಅಂದಳು ಅಕ್ಕ.

ಟವರ್ ಒತ್ತಿದ.

ತೋಳಿನಲ್ಲಿ ತಣ್ಣಗೆ ಏನೋ ಹರಿಯಿತು. ಹೆದರಿಕೆ ಆಗಲಿಲ್ಲವೇ ಅಂತೀರಾ? ಜೀವ ಬಾಯಿಗೆ ಬಂದಿತ್ತು!

"ಈಗ ಕಾಯಬೇಕು," ಎಂದು ಟವರ್ ವಾಚ್ ನೋಡಿದ. ಅಯ್ಯೋ, ಪಾಠ ಕಲಿತೇ ಬಂದಿದ್ದ! ಅವನು ಕಾದರೆ ನಾನು ಹೋದೆ.

ಹಲ್ಲು ಕಿಸಿದೆ. "ಏನೋ, ನೆಟ್‌ವರ್ಕ್ ಇಲ್ವಾ?"

"ಬಾಯ್ಮುಚ್ಚು."

"ನಿನ್ನ ಟವರ್ ಹಣೇಬರಹಾನೂ ಇದೇ ಅಲ್ವಾ? ಹಲೋ ಅನ್ನೋಷ್ಟ್ರಲ್ಲಿ ಕಟ್! ಊರೆಲ್ಲ ನಗುತ್ತೆ ಕಣೋ!"

ಅವನ ಕತ್ತಿನ ನರ ಉಬ್ಬಿತು. ಜೀವಮಾನವಿಡೀ ಮಾಡಿದ ಕೆಲಸ ತಾನೇ... ಕೈ ಸುಮ್ಮನಿರಲಿಲ್ಲ.

"ಸಿಗ್ನಲ್ ಹೋಗ್ಲಿಲ್ಲಾಂದ್ರೆ ಮತ್ತೆ ಕಳ್ಸೋದು! ಜೋರಾಗಿ ಕಳ್ಸೋದು!"

ಒತ್ತಿದ. ಮತ್ತೆ ಒತ್ತಿದ. ಒತ್ತುತ್ತಲೇ ಹೋದ.

ಅಕ್ಕ ಕಣ್ಣು ಮುಚ್ಚಿದಳು. ನಾನೂ.

ಎದೆ ಹೊಡೆದುಕೊಳ್ಳುತ್ತಲೇ ಇತ್ತು... ಮಾತುಗಳು ಕಲಸಿಹೋಗಿ ಯಂತ್ರಗಳು ಬಾಗಿಲು ಹಾಕಿಕೊಂಡಿದ್ದವು!

"ಇನ್ನೂ ಇದ್ದೀಯಾ?" ಎಂದು ಅವನು ಬಗ್ಗಿ ನೋಡಿದ.

ಸಾಕ್ಷಿ ಬೇಡವೆಂದು ಆಳುಗಳನ್ನು ದೂರ ಕಳಿಸಿದ್ದ. ನನ್ನ ಕಾಲು ಕಟ್ಟಿಸಿರಲಿಲ್ಲ. ಕುರ್ಚಿ ಸಮೇತ ಎದ್ದು ಹೊಟ್ಟೆಗೆ ತಲೆ ಗುದ್ದಿದೆ! ಅವನು ಮೇಜಿಗೆ ಬಡಿದು ಬಿದ್ದ. ಬಾಟಲಿಗಳು ಚೂರಾದವು. ಅವನು ಸುಧಾರಿಸಿಕೊಳ್ಳುವಷ್ಟರಲ್ಲಿ ಒಂದು ಚೂರಿನಿಂದ ನನ್ನ ಕಟ್ಟು ಕೊಯ್ದೆ, ಆಮೇಲೆ ಅಕ್ಕನದು; ಅದೇ ಹಗ್ಗದಿಂದ ಅವನ ಕೈಕಾಲು ಬಿಗಿದೆವು.

"ಡಬ್ಬಿ ಎಲ್ಲೋ?"

"ಸತ್ರೂ ಹೇಳಲ್ಲ!"

ಅಕ್ಕ ಒಡೆಯದೆ ಉಳಿದ ಬಾಟಲಿಯಿಂದ ಒಂದು ಸಿರಿಂಜ್ ತುಂಬಿ, "ನಿನ್ನ ವಿಷದ ಯಂತ್ರಗಳಲ್ಲಿ ಉಳಿದದ್ದು ನಿನಗೇ!" ಎಂದು ಅವನ ತೊಡೆಗೆ ಚುಚ್ಚಿದಳು. ನಾನು ಪಂಪಿಗೆ ಹೊಸ ಸೂಜಿ ಹಾಕಿ ಅವನ ತೋಳಿಗೆ ಇಳಿಸಿದೆ. ಒಂದೇ ಸಲ ಒತ್ತಿದೆ.

"ಮೊದಲನೇ ಮಾತು ಹೋಯ್ತು. ನಂಗೇನೂ ಅವಸರ ಇಲ್ಲಪ್ಪಾ... ಆರಾಮಾಗಿ ಕಾಯ್ತೀನಿ."

ಬೆವರು ಕಿತ್ತುಕೊಂಡು ಬಂತು ಅವನಿಗೆ.

"ಕಾರಲ್ಲಿದೆ! ಸ್ಟೆಪ್ನಿ ಕೆಳಗೆ! ಪೊಲೀಸ್ನೋರನ್ನ ಕರೀರಿ, ಡಾಕ್ಟ್ರನ್ನ ಕರೀರಿ... ಎರಡನೇದು ಮಾತ್ರ ಒತ್ಬೇಡಿ!"

ಪೊಲೀಸರಿಗೆ ಫೋನ್ ಮಾಡುತ್ತ ಮೆಲ್ಲಗೆ ಕೇಳಿದೆ, "ಸಿರಿಂಜಲ್ಲಿ ಏನಿತ್ತಕ್ಕಾ?"

"ಉಪ್ಪುನೀರು ಕಣೋ."

ಪಾಪ... ಅವನ ರಕ್ತದಲ್ಲಿ ಆ ಮಾತು ಕೇಳಿಸಿಕೊಳ್ಳಲು ಒಂದು ನರಪಿಳ್ಳೆಯೂ ಇರಲಿಲ್ಲ!