ಬಗ್ಗು, ಅಲ್ಲಾಡಬೇಡ

"ಬಗ್ಗಿ... ಅಲ್ಲಾಡ್ಬೇಡಿ. ಕಾವಲುಗಾರ ನಿಮ್ಮ ಹಿಂದೇನೇ ಇದಾನೆ."

ಪ್ರದ್ಯುಮ್ನ ಗೌತಮಿಗೆ ಹೇಳಿದ ಮೊಟ್ಟಮೊದಲ ಮಾತು ಇದು. ಅವಳು ಅವನ ಮುಖವನ್ನೂ ನೋಡಿರಲಿಲ್ಲ. ಹೆಡ್‌ಫೋನಿನಲ್ಲಿ ಬಂದ ಪಿಸುದನಿಗೆ ಬೆರಳು ತಾನಾಗೇ ಬಟನ್ ಒತ್ತಿತು. ಪರದೆಯ ಮೇಲೆ ಅವಳ ಬೊಂಬೆ ಕಂಬದ ಹಿಂದೆ ಕುಕ್ಕರಿಸಿತು. ಟಾರ್ಚಿನ ಬೆಳಕು ಪಕ್ಕದಲ್ಲೇ ಹಾದುಹೋಯಿತು.

ಎದೆ ಹೊಡೆದುಕೊಂಡಿದ್ದು ಆಟಕ್ಕೋ, ಆ ದನಿಗೋ... ಅವಳಿಗೇ ಗೊತ್ತಾಗಲಿಲ್ಲ!

ಅದೊಂದು ಕಳ್ಳತನದ ಆಟ. ನಾಲ್ವರು ಕಳ್ಳರು ಯಾರ ಕಣ್ಣಿಗೂ ಬೀಳದೆ ಮ್ಯೂಸಿಯಂನಿಂದ ವಜ್ರ ಕದ್ದು ವ್ಯಾನ್ ಸೇರಬೇಕು. ಒಬ್ಬರು ಸಿಕ್ಕಿಬಿದ್ದರೆ ಉಳಿದವರು ವಾಪಸ್ ಹೋಗಿ ಬಿಡಿಸಬಹುದು, ಇಲ್ಲವೇ ಬಿಟ್ಟು ಓಡಬಹುದು. ಗೌತಮಿಯನ್ನು ಸೇರಿಸಿದ್ದು ಗೆಳತಿ ಕೀರ್ತಿ. ಕೀರ್ತಿಯ ಗಂಡ ಅಮರ್, ಅಮರನ ಸ್ನೇಹಿತ ಪ್ರದ್ಯುಮ್ನ. ಪ್ರದ್ಯುಮ್ನ ಯಾರನ್ನೂ ಬಿಟ್ಟು ಓಡುತ್ತಿರಲಿಲ್ಲ. ಎಷ್ಟೋ ಸಲ ವಜ್ರವನ್ನೇ ಬಿಸಾಕಿ ಗೌತಮಿಗಾಗಿ ವಾಪಸ್ ಬಂದಿದ್ದ.

ಅಂಥವನನ್ನು ಪ್ರೀತಿಸದೆ ಇರುವುದು ಹೇಗೆ ಹೇಳಿ?

ಅವನ ಮನೆ ಚಾಮರಾಜಪುರಂ, ಅವಳದು ಅಶೋಕಪುರಂ. ರೈಲಿನಲ್ಲಿ ಒಂದಾದ ಮೇಲೆ ಒಂದು ಬರುವ ಸ್ಟೇಷನ್‌ಗಳು. ಆದರೆ ಅವನ ಮನೆಯವರಿಗೆ ಆ ದೂರ ಮುಗಿಯುವಂಥದ್ದಲ್ಲ. ಅವನ ಮುತ್ತಜ್ಜ ಅರಮನೆಯಲ್ಲಿ ಪಾಠ ಹೇಳಿದವರು. ಅವಳ ತಾತ ಪುಟ್ಟಮಾದಯ್ಯ, ಗೌಡರ ಬೀದಿಯಲ್ಲಿ ಚಪ್ಪಲಿ ಕೈಲಿ ಹಿಡಿದು ಬಗ್ಗಿ ನಡೆಯಲಾರದೆ ಹಳ್ಳಿ ಬಿಟ್ಟು ಬಂದವರು.

ಹಾಗಾಗಿ ಇಬ್ಬರೂ ಹೊರಗೂ ಆಟದಂತೆಯೇ ಬದುಕಿದರು. ಕುಕ್ಕರಹಳ್ಳಿ ಕೆರೆ ಬೇಡ, ಪರಿಚಯದವರು ವಾಕಿಂಗ್ ಬರುತ್ತಾರೆ ಅನ್ನುತ್ತಿದ್ದ ಅವನು. ಸರಿ ಅನ್ನುತ್ತಿದ್ದಳು ಅವಳು. ಭಾನುವಾರ ಮಧ್ಯಾಹ್ನ ಬೋಗಾದಿಯಲ್ಲಿ ಅಮರನ ಬಾಡಿಗೆ ಮನೆಯೊಂದೇ ಅವರಿಗಿದ್ದ ಜಾಗ.

ಅಂಥ ಒಂದು ಭಾನುವಾರ ಅಮರ್, ಕೀರ್ತಿ ಬಜ್ಜಿ ತರಲು ಹೋಗಿದ್ದರು. ಮೆಟ್ಟಿಲ ಮೇಲೆ ಒಂದು ಹೆಂಗಸಿನ ದನಿ ಕೇಳಿತು.

"ಪ್ರದ್ಯೂ, ಇದೀಯೇನೋ?"

ಅವನ ಅಮ್ಮ ಪಂಕಜಾ! ಅಲ್ಲೇ ಹತ್ತಿರದಲ್ಲಿ ನೆಂಟರ ಗೃಹಪ್ರವೇಶಕ್ಕೆ ಬಂದವರು, ಮಗ ಗೆಳೆಯನ ಮನೆಯಲ್ಲಿರುತ್ತಾನೆಂದು ಹತ್ತಿ ಬಂದಿದ್ದರು.

ಇವಳು ಕೀರ್ತಿಯ ಗೆಳತಿ ಅಂದಿದ್ದರೂ ಮುಗಿದುಹೋಗುತ್ತಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಆದರೆ ಪ್ರದ್ಯುಮ್ನನ ಬಾಯಲ್ಲಿ ಬಂದದ್ದು ಆಟದ ಮಾತು.

"ಬಗ್ಗು... ಅಲ್ಲಾಡ್ಬೇಡ."

ಗೌತಮಿ ಬಗ್ಗಿದಳು. ಯೋಚನೆ ಬರುವ ಮೊದಲೇ ದಿವಾನದ ಹಿಂದೆ ಕುಕ್ಕರಿಸಿಬಿಟ್ಟಿದ್ದಳು. ಅದರ ಕೆಳಗಿನ ದೂಳಿನ ನಡುವೆ ಪಂಕಜಾ ಅವರ ಕಾಲುಂಗುರಗಳು ಕಾಣುತ್ತಿದ್ದವು. ದಿವಾನದ ಮೇಲೆ ಕೂತು ಅವರು ನಿಧಾನವಾಗಿ ಕೇಳಿದರು.

"ಯಾರೋ ಅಶೋಕಪುರಂ ಹುಡುಗಿ ಜೊತೆ ಓಡಾಡ್ತಿದೀಯಂತೆ. ನಿಜವೇನೋ?"

'ಹೇಳು... ಹೂಂ ಅನ್ನು... ನಾನೇ ಎದ್ದು ನಿಲ್ತೀನಿ...'

"ಇಲ್ಲಮ್ಮ. ಯಾರೋ ಸುಮ್ನೆ ಹೇಳಿದಾರೆ."

"ಸದ್ಯ. ನಮ್ಮನೇಲಿ ಅಂಥದ್ದೆಲ್ಲ ಆಗಲ್ಲ ಅಂತ ನಂಗೊತ್ತಿತ್ತು ಬಿಡು."

ಅವರು ಹೋದ ಮೇಲೆ ಗೌತಮಿ ಎದ್ದಳು. ಚೂಡಿದಾರದ ಮೊಣಕಾಲೆಲ್ಲ ದೂಳು. ಆ ಪುಣ್ಯಾತ್ಮ ಅಮ್ಮ ಕೊಟ್ಟುಹೋದ ಡಬ್ಬಿ ಮುಂದೆ ಹಿಡಿದ. ಒಬ್ಬಟ್ಟು!

ಅವಳು ದೂಳನ್ನೂ ಕೊಡವದೆ ಮೆಟ್ಟಿಲಿಳಿದಳು.

ಅವನ ಮೇಲಿನ ಸಿಟ್ಟು ಒಂದು ಕಡೆ. ತನ್ನ ಮೊಣಕಾಲಿನ ಮೇಲೆ ಬಂದ ಸಿಟ್ಟು ಅದಕ್ಕಿಂತ ದೊಡ್ಡದಾಗಿತ್ತು. 'ತಾತ ಯಾವುದನ್ನು ಬಿಟ್ಟು ಬಂದರೋ ಅದನ್ನ ನಾನು ಒಂದು ಪಿಸುಮಾತಿಗೆ ಮಾಡಿಬಿಟ್ಟೆನಲ್ಲ...' ಅವನ ಪಕ್ಕ ತಲೆಯೆತ್ತಿ ನಿಲ್ಲುವಂತಿದ್ದರೆ ಪ್ರೀತಿ, ಇಲ್ಲದಿದ್ದರೆ ಅದು ಬೇಡವೇ ಬೇಡ. ಅವನ ನಂಬರ್ ಬ್ಲಾಕ್ ಮಾಡಿದಳು. ಊಟ ಸೇರಲಿಲ್ಲ. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ತಿಂಗಳುಗಳು ಕಳೆದವು. ಒಂದು ಶನಿವಾರ ಸಂಜೆ ಕೀರ್ತಿ ಫೋನ್ ಮಾಡಿ, ಒಂದೇ ಒಂದು ಸಲ ಆಟಕ್ಕೆ ಬಾ ಎಂದು ಗೋಗರೆದಳು. ಗೌತಮಿ ಒಲ್ಲದ ಮನಸ್ಸಿನಿಂದ ಮನೆಯಿಂದಲೇ ಸೇರಿದಳು. ಅವನೂ ಇದ್ದ. ಹೆಡ್‌ಫೋನಿನಲ್ಲಿ ಅವನ ಉಸಿರಿನ ಸದ್ದು ಕೇಳುತ್ತಿತ್ತು.

ಅವಳ ಕೈಗೆ ವಜ್ರ ಸಿಕ್ಕಿತು. ಅಷ್ಟರಲ್ಲಿ ಪ್ರದ್ಯುಮ್ನನ ಕಳ್ಳ ಕಂಬದ ಮರೆಯಿಂದ ಹೊರಬಂದು ದೀಪದ ಕೆಳಗೆ ನೆಟ್ಟಗೆ ನಿಂತುಬಿಟ್ಟ. ಸೈರನ್ ಕೂಗಿತು. ಹುಚ್ಚು ಹಿಡಿದಿದೆಯಾ ಎಂದು ಅಮರ್ ರೇಗಿದ.

"ಗೌತಮಿ, ಮನೇಲಿ ಎಲ್ಲಾ ಹೇಳ್ಬಿಟ್ಟೆ," ಅಂದ ಅವನು. "ಅಪ್ಪ ತಲೆ ಮೇಲೆ ನೀರು ಹಾಕ್ಕೊಂಡ್ರು. ಅವರ ಪಾಲಿಗೆ ನಾನು ಸತ್ತೆನಂತೆ."

ಕಾವಲುಗಾರರು ಅವನನ್ನು ಎಳೆದೊಯ್ದರು. ವಾಪಸ್ ಹೋಗಿ ಬಿಡಿಸಬಹುದಿತ್ತು. ಗೌತಮಿ ಹೋಗಲಿಲ್ಲ. ಕಣ್ಣೀರು ಒರೆಸಿಕೊಳ್ಳುತ್ತಲೇ ವಜ್ರ ಹಿಡಿದು ವ್ಯಾನ್ ಹತ್ತಿದಳು. 'ಕತ್ತಲೆಯ ಆಟದಲ್ಲಿ ಬೆಳಕಿಗೆ ಬಂದರೆ ಸಾಕಾ? ನನ್ನ ಬೀದಿಗೆ ಬರಲಿ...'

ಅವನು ಬಂದ.

ಮರುದಿನ ನಡುಮಧ್ಯಾಹ್ನ, ಬೀದಿಯ ಜನರೆಲ್ಲ ನೋಡುತ್ತಿರುವಾಗ, ಹೆಗಲಿಗೊಂದು ಬ್ಯಾಗು ಹಾಕಿಕೊಂಡು ಅಶೋಕಪುರಂನ ಆ ಮನೆಯ ಮುಂದೆ ನಿಂತ. ಕೆನ್ನೆಗಳು ಒಳಕ್ಕೆ ಹೋಗಿದ್ದವು. ಜಗುಲಿಯಲ್ಲಿ ಕೂತಿದ್ದ ಪುಟ್ಟಮಾದಯ್ಯ ಯಾರೆಂದು ವಿಚಾರಿಸಿದರು. ಅವನು ಹೆಸರು ಹೇಳಿದ, ಮನೆ ಹೇಳಿದ. ಆಮೇಲೆ ಯಾರೂ ಕೇಳದಿದ್ದನ್ನೂ ಹೇಳಿದ.

"ನಿಮ್ಮ ಮೊಮ್ಮಗಳನ್ನ ಬಗ್ಗು ಅಂತ ಹೇಳಿ ದಿವಾನದ ಹಿಂದೆ ಬಚ್ಚಿಟ್ಟೆ ತಾತ. ನಮ್ಮಮ್ಮನ ಮುಂದೆ ಇವಳು ಇಲ್ಲವೇ ಇಲ್ಲ ಅಂದೆ."

ಬಾಗಿಲಲ್ಲಿ ನಿಂತಿದ್ದ ಗೌತಮಿಯನ್ನು ತಾತ ತಿರುಗಿ ನೋಡಿದರು. ಆ ನೋಟದಲ್ಲಿದ್ದ ನೋವನ್ನು ಅವಳಿಂದ ತಾಳಲಾಗಲಿಲ್ಲ. ಪ್ರದ್ಯುಮ್ನ ಅವರ ಕಾಲು ಮುಟ್ಟಲು ಹೋದ. ತಾತ ಕೋಲು ಅಡ್ಡ ಹಿಡಿದರು.

"ಬಗ್ಗಬ್ಯಾಡ ಕಣಪ್ಪ. ಈ ಮನೇಲಿ ಯಾರೂ ಯಾರ್ಗೂ ಬಗ್ಗಾಕಿಲ್ಲ. ಎದ್ದು ನಿಂತ್ಕಂಡು ಅವಳ್ನೇ ಕೇಳು."

ಅವನು ನೆಟ್ಟಗೆ ನಿಂತ. ಗೌತಮಿ ಜಗುಲಿಯಿಂದ ಇಳಿದು ಬಂದಳು.

"ನಿನ್ನೆ ನನ್ನನ್ನ ಬಿಟ್ಟು ಹೋದೆ," ಅಂದ ಅವನು ಮೆಲ್ಲಗೆ.

"ಬೇಕೂಂತಲೇ ಹೋದೆ. ಒಬ್ಬಳೇ ಬಿದ್ದಿರೋದು ಹೇಗಿರತ್ತೆ ಅಂತ ಗೊತ್ತಾಗ್ಲಿ ಅಂತ."

"ಗೊತ್ತಾಯ್ತು... ನಂಗೀಗ ಮನೆ ಇಲ್ಲ ಗೌತಮಿ."

"ಗೊತ್ತು."

ಎದುರುಮನೆಯ ದೇವಿರಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಅಭ್ಯಾಸಬಲದಿಂದ ಪ್ರದ್ಯುಮ್ನ ಒಂದು ಹೆಜ್ಜೆ ದೂರ ಸರಿದ. ಗೌತಮಿ ಅವನ ಕೈ ಹಿಡಿದುಕೊಂಡಳು.

"ಅಲ್ಲಾಡ್ಬೇಡ," ಅಂದಳು. "ಇಲ್ಲೇ ನಿಂತ್ಕೋ. ನೋಡ್ಲಿ ಬಿಡು."