ಸಾಹುಕಾರರ ಮ್ಯೂಸಿಯಂನಲ್ಲಿ ನಮ್ಮೂರ ಕತ್ತಿ

ಹುಣಸೂರಿನ ಹೊಗೆಸೊಪ್ಪಿನ ಸಾಹುಕಾರರೊಬ್ಬರು ತಾವು ಕೂಡಿಸಿದ ಚಿತ್ರ, ವಿಗ್ರಹ, ಕತ್ತಿಗಳನ್ನೆಲ್ಲ ಬಂಗಲೆಯಲ್ಲಿಟ್ಟು ಮ್ಯೂಸಿಯಂ ಮಾಡಿದ್ದಾರೆ. ಅಲ್ಲಿ ಕಾವಲಿಗಿರುವವನು ನನ್ನ ತಮ್ಮ ಮಲ್ಲೇಶ್. ಆಯುಧಪೂಜೆಯ ಮಧ್ಯಾಹ್ನ ಸೋದರತ್ತೆ ಶಿವರುದ್ರಮ್ಮನನ್ನು ಕರೆದುಕೊಂಡು ಹೋಗಿದ್ದೆ.

ಗಾಜಿನ ಪೆಟ್ಟಿಗೆಯಲ್ಲಿ ನಮ್ಮೂರ ಗುಡಿಯ ಕತ್ತಿ ಕಂಡು ಅತ್ತೆ ನಿಂತು ಮಲ್ಲೇಶನನ್ನು ಕೇಳಿದರು. "ಇದ್ರಲ್ಲಿ ಕುಂಬ್ಳಕಾಯಿ ಕಡುದ್ರೇನ್ಲಾ?"

"ನೆಲ ಗಲೀಜಾಯ್ತದೆ ಬ್ಯಾಡ ಅಂದ್ರು ಸಾವ್ಕಾರ್ರು ಕಣತ್ತೆ. ಒಂದ್ ಬಿಳಿ ಸೇವಂತ್ಗೆ ಮಡಗಿ ಬೀಗ ಆಕಿವ್ನಿ."

"ಹೂವ ತಿಂದದೇನ್ಲಾ ಅದು? ಓಗು, ಕಾಯಿ ತಕಂಬಾ!"

ಮಲ್ಲೇಶ್ ನಗುತ್ತಾ ಗಾಜು ಒರೆಸತೊಡಗಿದ. ನನ್ನ ಪಾದದಡಿ ನೆಲ ತಣ್ಣಗಾಯಿತು. ಕುಂಬಳಕಾಯಿ ಸೀಳಿದಂಥ ಸದ್ದಾಯಿತು. ನೋಡಿದರೆ ಅವನ ಅಂಗೈ ಮಣಿಕಟ್ಟಿನವರೆಗೆ ಸೀಳಿಹೋಗಿ, ರಕ್ತ ಪಟಪಟನೆ ಸುರಿಯುತ್ತಿತ್ತು.

ಅತ್ತೆಯ ಸೆರಗು ಹರಿದು ಕಟ್ಟಿದೆವು. ಆ ಕೈಯ ಬೆರಳು ಇವತ್ತಿಗೂ ಮಡಚುವುದಿಲ್ಲ.

ಗಾಜು ಬಿರುಕು ಬಿಟ್ಟಿರಲಿಲ್ಲ. ಬೀಗ ಹಾಕಿದಂತೆಯೇ ಇತ್ತು. ಒಳಗೆ ಸೇವಂತಿಗೆ ಕೆಂಪಗೆ ನೆನೆದಿತ್ತು. ನೆಲದ ಮೇಲೆ ಒಂದು ಹನಿಯೂ ಇರಲಿಲ್ಲ.