ಯಾವ ಮೀಟಿಂಗು?

“ಮೀಟಿಂಗ್ ಎಲ್ಲೈತ್ರಿ?” ಅಪ್ಪ ಕೇಳಿದ.

ಪಾನ್ ಅಂಗಡಿಯವನು ಎಲೆಗೆ ಸುಣ್ಣ ಹಚ್ಚುತ್ತಲೇ ಗದ್ದದಿಂದಲೇ ಎಡಗಡೆ ತೋರಿಸಿದ. “ಯೂನಿಯನ್ ಆಫೀಸಿನ್ಯಾಗ. ಆಗಲೇ ಚಾಲೂ ಆಗೈತಿ ನೋಡ್ರಿ.”

ಅಪ್ಪ ತಲೆಯಾಡಿಸಿ ಎಡಕ್ಕೆ ಹೊರಟೇ ಬಿಟ್ಟ. ನಿರ್ಮಲಾಗೆ ಮೈಯೆಲ್ಲ ಉರಿಯಿತು.

“ಅಪ್ಪಾ, ಅದಲ್ಲ. ನಮ್ಮದು ಬ್ಯಾರೆ ಮೀಟಿಂಗ್. ಸರಿಯಾಗಿ ಕೇಳು.”

“ಕೇಳಿದ್ನಲ್ಲ. ಬಾ ಸುಮ್ನ.”

ಏನು ಕೇಳಿದ್ದು ಮಣ್ಣು! ಬಸ್‌ಸ್ಟ್ಯಾಂಡಿನಿಂದ ಇಲ್ಲಿಯವರೆಗೆ ಮೂರು ಜನರನ್ನು ಕೇಳಿದ್ದಾನೆ. ಮೂವರ ಹತ್ತಿರವೂ ಬರೀ ‘ಮೀಟಿಂಗ್’ ಎಂದಿದ್ದಾನೆ. ‘ಕುಡಿಯೋದು ಬಿಡುವವರ ಮೀಟಿಂಗ್’ ಎನ್ನಲು ಬಾಯೇ ಬರುವುದಿಲ್ಲ. ಪೇಪರ್ ಮಿಲ್ಲಿನ ಊರು ದಾಂಡೇಲಿ. ಇಲ್ಲಿ ಬರೀ ಮೀಟಿಂಗ್ ಅಂದರೆ ಯೂನಿಯನ್ ಮೀಟಿಂಗ್. ಐದನೇ ಕ್ಲಾಸಿನ ನಿರ್ಮಲಾಗೇ ಗೊತ್ತಿರುವುದು ಮಿಲ್ಲಿನಲ್ಲೇ ದುಡಿಯುವ ಅಪ್ಪನಿಗೆ ಗೊತ್ತಿಲ್ಲವೇ?

ದವಾಖಾನೆಯ ನರ್ಸ್ ವಿಳಾಸ ಬರೆದುಕೊಟ್ಟಿದ್ದರು. ಚೀಟಿ ಅಪ್ಪನ ಅಂಗಿಯ ಕಿಸೆಯಲ್ಲೇ ಉಳಿದು, ಒಗೆಯುವಾಗ ನೆನೆದು ಮುದ್ದೆಯಾಯಿತು. ‘ಭಾನುವಾರ 4 ಗಂಟೆ’ ಅನ್ನುವುದಷ್ಟೇ ಉಳಿದಿತ್ತು.

ಬೆಳಿಗ್ಗೆ ಅವ್ವ ಕಡ್ಡಿ ಮುರಿದಂತೆ ಹೇಳಿದ್ದಳು. “ಇವತ್ತ ಆ ಮೀಟಿಂಗಿನ್ಯಾಗ ಕುಂದ್ರಬೇಕು. ಇಲ್ಲಾಂದ್ರ ನಾಳೆ ನಾನೂ ನಿರ್ಮಲಾನೂ ಸಾಂಬ್ರಾಣಿ ಊರಿಗೆ, ನಮ್ಮವ್ವನ ಮನಿಗೆ. ಆಕಿ ಸಾಲಿನೂ ಅಲ್ಲೇ.”

ಅವ್ವ ಸುಮ್ಮನೆ ಹೆದರಿಸುವವಳಲ್ಲ. ನಿರ್ಮಲಾಗೆ ತನ್ನ ಶಾಲೆ ಬಿಟ್ಟು ಹೋಗುವುದು ಬೇಡ. ಅಪ್ಪ ದಾರಿಯಲ್ಲಿ ಬಾರ್ ಕಡೆ ತಿರುಗಬಾರದೆಂದು ಅವ್ವ ಅವಳನ್ನೇ ಬೆನ್ನಿಗೆ ಕಳಿಸಿದ್ದಾಳೆ. ಕ್ಲಾಸಿನ ಹುಡುಗಿಯರೆಲ್ಲ ಮೌಳಂಗಿ ಪಾರ್ಕಿನಲ್ಲಿ ಆಡುತ್ತಿದ್ದಾರೆ, ಇವಳು ಇಲ್ಲಿ ಅಪ್ಪನಿಗೆ ಪೊಲೀಸ್.

ಯೂನಿಯನ್ ಆಫೀಸು ತುಂಬಿತ್ತು. “ಏ ಮಲ್ಲೇಶ, ಬಾರೋ,” ಎಂದು ಯಾರೋ ಕರೆದರು. ಅಪ್ಪ ಹಿಂದಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತ.

“ನೋಡು, ಮೀಟಿಂಗಿನ್ಯಾಗ ಕುಂತೇನಿ. ನಿಮ್ಮವ್ವಗ ಹಂಗ ಹೇಳು,” ಎಂದು ಮೆಲ್ಲಗೆ ನಕ್ಕ. “ಆ ಮೀಟಿಂಗಿಗೆ ಮುಂದಿನ ಐತಾರ ಹೋಗೂಣು. ನಿನ್ನ ಆಣಿ.”

ಅವಳ ತಲೆಯ ಮೇಲೆ ಇಡಲು ಕೈ ಚಾಚಿದ. ನಿರ್ಮಲಾ ಆ ಕೈಯನ್ನು ತಳ್ಳಿದಳು.

ಈ ತಲೆಯ ಮೇಲೆ ಎಷ್ಟು ಆಣೆ ಹಾಕಿದ್ದಾನೋ ಲೆಕ್ಕವಿಲ್ಲ. ಹಾಕುವವನು ಅವನು, ಮುರಿಯುವವನೂ ಅವನೇ. ಮುರಿದ ಮರುದಿನ ಜ್ವರ ಬಂತೇನೋ ಎಂದು ತನ್ನ ಹಣೆ ಮುಟ್ಟಿ ನೋಡಿಕೊಳ್ಳುವವಳು ಮಾತ್ರ ಇವಳು.

ನಿರ್ಮಲಾ ಕುರ್ಚಿಗಳ ನಡುವೆ ಹೋಗಿ ನಿಂತಳು. ಜೋರಾಗಿಯೇ ಕೇಳಿದಳು. “ಕುಡ್ಯೂದು ಬಿಡೂ ಮಂದಿ ಮೀಟಿಂಗ್ ಎಲ್ಲೈತ್ರಿ? ನಮ್ಮಪ್ಪ ಅಲ್ಲಿಗೆ ಹೋಗಬೇಕು. ಯಾರಿಗರ ಗೊತ್ತೈತೇನ್ರಿ?”

ಯಾರೋ ಒಬ್ಬ ಕಿಸಕ್ಕೆಂದ. ಅಪ್ಪ ನೆಲ ನೋಡತೊಡಗಿದ.

ಮುಂದಿನ ಸಾಲಿನಿಂದ ಅಂದಾನೆಪ್ಪ ಎದ್ದರು. ಅವರು ಅಪ್ಪನ ಸೆಕ್ಷನ್ನಿನ ಹಿರಿಯರು, ಮೈಕಿಲ್ಲದೆ ಭಾಷಣ ಮಾಡುವವರು. ನಕ್ಕವನನ್ನು ದಿಟ್ಟಿಸಿ ನೋಡಿ ಹೇಳಿದರು, “ನನಗ ಗೊತ್ತೈತಿ. ಆರು ವರ್ಷ ಆತು, ನಾನೂ ಅಲ್ಲಿಗೇ ಹೋಗ್ತೇನಿ. ನಡಿ ಮಲ್ಲೇಶ, ತಡಾ ಆಗೈತಿ.”

ರಸ್ತೆಗೆ ಬಂದ ಮೇಲೆ ಅಪ್ಪ ಹಲ್ಲು ಕಡಿದ. “ಮಂದ್ಯಾಗ ನನ್ನ ಮಾನ ಕಳದಿ.”

“ನೀ ಓಣ್ಯಾಗ ದಿನಾ ನಮ್ಮ ಮಾನ ಕಳೀತಿ. ನಾ ಒಂದ ದಿನ ಕಳದೇನಿ.”

ಅಂದಾನೆಪ್ಪ ಮುಂದೆ ಮುಂದೆ ನಡೆದರು. ಒಂದು ಹಳೇ ಶಾಲೆಯ ಹಿಂದಿನ ಕೋಣೆಯ ಮುಂದೆ ನಿಂತರು. ಬೋರ್ಡ್ ಇರಲಿಲ್ಲ, ಹೊರಗೆ ಹತ್ತು ಹನ್ನೆರಡು ಜೊತೆ ಚಪ್ಪಲಿ ಇದ್ದವು.

“ಒಳಗ ಆಣಿ-ಗೀಣಿ ಮಾಡಬ್ಯಾಡ,” ಅಂದರು ಅಪ್ಪನಿಗೆ. “ಇವತ್ತೊಂದ ದಿನ ಕುಡ್ಯೂದಿಲ್ಲ. ಅಷ್ಟ ಹೇಳು, ಸಾಕು.”

ಅಪ್ಪ ಒಳಗೆ ಹೋದ. ನಿರ್ಮಲಾ ಮೆಟ್ಟಿಲ ಮೇಲೆ ಕುಳಿತಳು. ಕಿಟಕಿ ತೆರೆದಿತ್ತು. ಒಬ್ಬೊಬ್ಬರೇ ಹೆಸರು ಹೇಳುತ್ತಿದ್ದರು. ಆಮೇಲೆ ಅಪ್ಪನ ಸರದಿ ಬಂತು.

“ನಾನು ಮಲ್ಲೇಶ,” ಅಂದ ಅಪ್ಪ. ಅಲ್ಲಿಗೇ ನಿಂತ. ಕುಡಿದು ಬಂದರೆ ನಾಲ್ಕು ಮನೆ ಎಬ್ಬಿಸುವ ದನಿ ಈಗ ಕಿಟಕಿಯವರೆಗೂ ಸರಿಯಾಗಿ ಬರುತ್ತಿರಲಿಲ್ಲ. “ನಾನು... ಕುಡೀತೇನಿ. ಬಿಡಾಕ ಆಗವಲ್ದು.”

ಒಳಗೆ ಯಾರೂ ನಗಲಿಲ್ಲ.

ಅಪ್ಪ ತನಗೆ ಮೋಸ ಮಾಡಲು ನೋಡಿದ್ದು ನಿಜ. ಆದರೆ ಪಾನ್ ಅಂಗಡಿಯ ಮುಂದೆ ಅವನಿಗೆ ಹೆದರಿಕೆಯೂ ಆಗಿತ್ತು. ಇಷ್ಟು ದೊಡ್ಡವರಿಗೆ ಇಷ್ಟು ಚಿಕ್ಕ ಮಾತಿನ ಹೆದರಿಕೆ ಇರುತ್ತದೆ ಎಂದು ನಿರ್ಮಲಾಗೆ ಗೊತ್ತಿರಲಿಲ್ಲ. ಹಾಗಂತ ಸಿಟ್ಟು ಇಳಿಯಿತೇ ಅಂದರೆ, ಇಲ್ಲ, ಇನ್ನೂ ಇತ್ತು.

ಶಾಲೆಯ ಗೇಟಿನ ಮುಂದೆ ಒಬ್ಬಾತ ಎರಡು ಸಲ ಅತ್ತಿಂದಿತ್ತ ಹೋದ. ಬೈಕ್ ಇಲ್ಲದಿದ್ದರೂ ತಲೆಯ ಮೇಲೆ ಮುಖ ಮುಚ್ಚುವ ಹೆಲ್ಮೆಟ್ ಇತ್ತು. ಮೂರನೇ ಸಲ ನಿಂತ.

“ತಂಗಿ, ಇಲ್ಲಿ... ಮೀಟಿಂಗ್...” ಎಂದವನಿಗೆ ಮುಂದಿನ ಮಾತು ಹೊರಡಲಿಲ್ಲ.

ಯಾವ ಮೀಟಿಂಗ್ ಎಂದು ನಿರ್ಮಲಾ ಕೇಳಲಿಲ್ಲ.

“ಇಲ್ಲೇ ರೀ. ಬರ್ರಿ,” ಎಂದು ಮೆಟ್ಟಿಲ ಮೇಲೆ ಪಕ್ಕಕ್ಕೆ ಸರಿದು ಕುಳಿತಳು.